ಕೆಂಪು ನೂಲು ಕಟ್ಟಿದ ಮಕ್ಕಳು

ಕೆಂಪು ನೂಲನ್ನು ನಾನು ಆರಿಸಿಕೊಂಡದ್ದು ಅದು ದೂರದಿಂದಲೂ ಕಣ್ಣಿಗೆ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ. ಸಕಲೇಶಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಕೆಂಪು, ಬಿಳಿ ಎರಡೂ ಉಂಡೆಗಳಿದ್ದವು. ಎರಡನ್ನೂ ಕೊಂಡೆ. ಚೊಚ್ಚಲ ಮಕ್ಕಳ ಮಣಿಕಟ್ಟಿಗೆ ಕೆಂಪು, ಅವರ ಬೆನ್ನಿಗೆ ಹುಟ್ಟಿದವರಿಗೆ ಬಿಳಿ. ಇಷ್ಟು ಸಣ್ಣ ಏರ್ಪಾಡು ಒಂದು ಎಸ್ಟೇಟಿನ ತಾಯಂದಿರ ನಿದ್ದೆ ಕೆಡಿಸುತ್ತದೆ ಅಂತ ಆ ಅಂಗಡಿಯ ಮುಂದೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಇದು ಅರವತ್ತರ ದಶಕದ ನಡುವಿನ ಮಾತು. ಕಾಫಿ ತೋಟದ ಕೂಲಿಗೆಂದು ತಮಿಳು ಸೀಮೆಯಿಂದ ಬಂದವರ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಕೇಳುತ್ತ ಬೆಳೆಯುತ್ತಾರಲ್ಲ, ಅವರು ಯಾವುದನ್ನು ಯಾರಿಂದ ಹೇಗೆ ಕಲಿಯುತ್ತಾರೆ? ಇದು ನಮ್ಮ ಪ್ರೊಫೆಸರು ಹಿಡಿದ ಪ್ರಶ್ನೆ. ಅವರಿಗೆ ಬೆಟ್ಟ ಹತ್ತುವ ವಯಸ್ಸು ದಾಟಿತ್ತು. ಹತ್ತುವವಳು ನಾನಾದೆ. ಹುಟ್ಟಿದ್ದು ಬೆಳೆದದ್ದು ಮೈಸೂರಿನ ಬೀದಿಗಳಲ್ಲಿ, ಹಲ್ಲಿ ಲೊಚಗುಟ್ಟಿದರೆ ಎದೆ ಹೊಡೆದುಕೊಳ್ಳುವ ಹೆಣ್ಣು ನಾನು. ಆದರೆ ಬೇರೆಯವರಿಗೂ ನನ್ನಿಂದ ಹೆದರಿಕೆ ಆಗಬಹುದು ಅನ್ನುವುದು ಮಾತ್ರ ನನಗೆ ಆವರೆಗೆ ತಿಳಿದಿರಲಿಲ್ಲ.

ಎಸ್ಟೇಟು ಮಗ್ಗೆ ಕಡೆಯ ರಸ್ತೆಯಿಂದ ಒಳಗಿತ್ತು. ಹಣ್ಣು ಕುಯ್ಯುವ ಕಾಲ. ಹೆಂಗಸರು ಬೆಳಕು ಹರಿಯುವ ಮುಂಚೆ ಗಂಜಿ ಕುಡಿದು, ಸೊಂಟಕ್ಕೆ ಚೀಲ ಕಟ್ಟಿ ತೋಟ ಸೇರುತ್ತಿದ್ದರು. ಮಕ್ಕಳೆಲ್ಲ ಕೂಸಿನ ಮನೆಗೆ. ಲೈನುಗಳ, ಅಂದರೆ ಕೂಲಿಯವರ ಸಾಲುಮನೆಗಳ ತುದಿಯಲ್ಲಿದ್ದ ಆ ಒಂದು ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಆಲೂರು ಕಡೆಯ ಒಬ್ಬ ವಯಸ್ಸಾದ ಆಯಾ. ಅವಳಿಗೆ ತಮಿಳು ಅನ್ನ, ನೀರು, ನಿದ್ದೆಗೆ ಬೇಕಾದಷ್ಟು ಮಾತ್ರ ಬರುತ್ತಿತ್ತು. ನನಗೆ ಉಳಿಯಲು ಜಾಗ ಕೊಟ್ಟವರು ಎಸ್ಟೇಟಿನ ರೈಟರು. ಆಳುಗಳ ಹಾಜರಿ, ಹಣ್ಣಿನ ತೂಕ ಅವರದೇ ಕೆಲಸ. ಕುಂದೂರಿನವರು, ಹಣೆಯ ವಿಭೂತಿ ಒಣಗುವ ಮೊದಲು ತೂಕದ ಕಟ್ಟೆಯ ಮುಂದೆ ನಿಂತಿರುವಂಥ ಮನುಷ್ಯ.

ಕೆಲಸದ ಕ್ರಮ ಹೀಗಿತ್ತು. ಒಂದು ಮಗುವನ್ನು ಕೋಣೆಯ ಹೊರಗಿನ ಜಗಲಿಗೆ ಕರೆಯುವುದು. ಮುಖ ತೊಳೆಸುವುದು, ಏಕೆಂದರೆ ಸಿಂಬಳ ಸುರಿಯುತ್ತಿದ್ದರೆ ಉಚ್ಚಾರ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಭಯ ಹೋಗಲಿ ಅಂತ ಒಂದು ಚೂರು ಬೆಲ್ಲ ಕೊಡುವುದು. ಆಮೇಲೆ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸುವುದು: ಕೊಡ, ಬಾವಿ, ಆಡು, ಛತ್ರಿ, ಕಾಫಿ ಹಣ್ಣಿನ ಬುಟ್ಟಿ. ಮೊದಲು ಯಾವ ಭಾಷೆಯ ಹೆಸರು ಬಾಯಿಗೆ ಬರುತ್ತದೆ, ಎಷ್ಟು ತಡವರಿಸುತ್ತದೆ, ಇನ್ನೊಂದು ಭಾಷೆಯಲ್ಲಿ ಕೇಳಿದರೆ ಸಿಗುತ್ತದೆಯೇ, ಇಷ್ಟನ್ನು ಗುರುತು ಹಾಕುವುದು. ಕೊನೆಗೆ ಮಗುವನ್ನು ಆಟಕ್ಕೆ ಬಿಟ್ಟು ಸುಮ್ಮನೆ ಕಿವಿ ಕೊಡುವುದು. ನನ್ನ ಹತ್ತಿರ ಯಂತ್ರಗಿಂತ್ರ ಏನೂ ಇರಲಿಲ್ಲ.

ಚೊಚ್ಚಲ ಮಕ್ಕಳನ್ನು ಬೇರೆ ಮಾಡಿದ್ದು ಪ್ರೊಫೆಸರ ಲೆಕ್ಕಾಚಾರ. ಮನೆಯ ಮೊದಲ ಮಗು ಅಪ್ಪ ಅಮ್ಮನ ತಮಿಳನ್ನಷ್ಟೇ ಕೇಳಿ ಬೆಳೆದು ಕನ್ನಡವನ್ನು ಹೊರಗಿನಿಂದ ತರುತ್ತದೆ. ಎರಡನೆಯದಕ್ಕೆ ಕನ್ನಡ ಅಕ್ಕನ ಬಾಯಲ್ಲಿ ಮನೆಯೊಳಗೇ ಸಿಗುತ್ತದೆ. ಇಬ್ಬರನ್ನೂ ಹೋಲಿಸಿದರೆ ಕಲಿಕೆಯ ದಾರಿ ಕಾಣುತ್ತದೆ. ಆದ್ದರಿಂದ ಕನ್ನಡ ಬಲ್ಲ ಮಕ್ಕಳ ಮೂಲಕ ಪ್ರತಿ ತಾಯಿಯನ್ನೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಇದರಲ್ಲಿ ಚೊಚ್ಚಲು ಯಾವುದು?’ ಲೈನಿನಲ್ಲಿ ಒಂದೇ ಹೆಸರಿನ ಮಕ್ಕಳು ಬೇಕಾದಷ್ಟಿದ್ದರು. ಇವತ್ತು ಮಾರಿ ಅಂತ ಓಗೊಟ್ಟವಳು ನಾಳೆ ಲಕ್ಷ್ಮಿ ಆಗಿರುತ್ತಿದ್ದಳು. ನೂಲಿನ ಗುರುತು ಬೇಕಾದದ್ದು ಅದಕ್ಕೆ.

ಮೊದಲ ದಿನಗಳು ಚೆನ್ನಾಗಿಯೇ ನಡೆದವು. ಮಕ್ಕಳು ಎಣಿಸುವುದು ಕನ್ನಡದಲ್ಲಿ, ಏಕೆಂದರೆ ತೂಕದ ಕಟ್ಟೆಯಲ್ಲಿ ರೈಟರು ಕೂಗಿ ಎಣಿಸುವುದು ಕನ್ನಡದಲ್ಲಿ. ಬಿದ್ದು ಮಂಡಿ ತರಚಿದರೆ ಅಳುವುದು ತಮಿಳಿನಲ್ಲಿ. ತಮ್ಮನನ್ನು ಗದರಿಸುವಾಗ ಮಾತ್ರ ಎರಡೂ ಸಾಲುತ್ತಿರಲಿಲ್ಲ. ನಾನು ಖುಷಿಯಲ್ಲಿದ್ದೆ.

ಎಲ್ಲರಿಗಿಂತ ನನ್ನ ಕಣ್ಣಿಗೆ ಬಿದ್ದವಳು ಮುಂದಿನ ಎರಡು ಹಲ್ಲು ಬಿದ್ದಿದ್ದ ಒಬ್ಬ ಹುಡುಗಿ. ಕೈಯಲ್ಲಿ ಕೆಂಪು ನೂಲು, ಸೊಂಟದಲ್ಲಿ ತಮ್ಮ. ಅವಳ ತಾಯಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಆ ಗುಂಪನ್ನು ಊರಿನಿಂದ ಕರೆತಂದಿದ್ದ ಮೇಸ್ತ್ರಿ ಹೊಸ ಆಳು ತರಲು ಹೋಗಿದ್ದ. ಹೀಗಾಗಿ ತೂಕದ ಹೊತ್ತಿಗೆ ತಾಯಿ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಳು. ರೈಟರು ಹೇಳಿದ್ದನ್ನು ಹುಡುಗಿ ತಾಯಿಗೆ ಹೇಳಬೇಕು, ತಾಯಿ ಹೇಳಿದ್ದನ್ನು ರೈಟರಿಗೆ. ಬೈಗುಳವೂ ಅವಳ ಬಾಯಿಂದಲೇ ದಾಟಬೇಕು. ದೊಡ್ಡವರಿಬ್ಬರ ನಡುವೆ ಕತ್ತೆತ್ತಿ ಆ ಕಡೆ ಈ ಕಡೆ ನೋಡುತ್ತ ನಿಂತ ಆ ಹುಡುಗಿಯನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಅವಳ ವೇಗ ನನಗೆ ಕಂಡಿತು. ಅವಳ ಮುಖ ನಾನು ನೋಡಲಿಲ್ಲ.

ಮೊದಲು ನನಗೆ ಅನುಮಾನ ಬಂದದ್ದು ಚಿಂದಿಗಳಿಂದ. ಒಂದು ಬೆಳಿಗ್ಗೆ ಮಕ್ಕಳ ಮಣಿಕಟ್ಟುಗಳ ಮೇಲೆ ಹಳೇ ಸೀರೆಯ ಚಿಂದಿ ಸುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಬೇವಿನ ಎಲೆ, ಅದರಡಿಯಲ್ಲಿ ನನ್ನ ಕೆಂಪು ನೂಲು. ನೂಲಿನ ಬಣ್ಣ ಬಿಟ್ಟು ಹುಣ್ಣಾಗಿದೆ ಅಂದುಕೊಂಡೆ. ಆಯಾಳನ್ನು ಕರೆದು ಮುಲಾಮು ಇದೆಯೇ ಅಂತ ಕೇಳಿದೆ. ಅವಳು ನನ್ನನ್ನೇ ನೋಡಿ ಒಳಗೆ ಹೋದಳು. ಬಿಳಿ ನೂಲಿನ ಮಕ್ಕಳ ಕೈಗೆ ಯಾರೂ ಏನೂ ಸುತ್ತಿರಲಿಲ್ಲ ಎಂಬುದು ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು.

ಆ ದಿನ ಸಂಜೆ ಹುಡುಗಿ ತಾನಾಗಿ ನನ್ನ ಹತ್ತಿರ ಬಂದಳು.

‘ಅಕ್ಕೋರೇ, ಸೇತುವೆ ಅಂದ್ರೆ ಏನು?’

ಕಾರ್ಡುಗಳಲ್ಲಿ ಇಲ್ಲದ ಮಾತು! ತಾನಾಗಿ ಒಂದು ಹೊಸ ಕನ್ನಡ ಪದದ ಅರ್ಥ ಕೇಳುತ್ತಿದ್ದಾಳೆ ಅಂತ ನಾನು ಹಿಗ್ಗಿಹೋದೆ. ಒಂದು ಕಾರ್ಡಿನ ಬೆನ್ನ ಮೇಲೆ ಹೊಳೆ ಬರೆದೆ, ಮೇಲೆ ರೈಲು ಬರೆದೆ, ಹೊಳೆಯೊಳಗಿಂದ ಎದ್ದ ದಪ್ಪ ಕಂಬಗಳನ್ನು ಬರೆದೆ.

‘ಇದು ಕಂಬ. ಇದು ಗಟ್ಟಿಯಾಗಿ ನಿಂತರೆ ಸೇತುವೆ ನಿಲ್ಲುತ್ತೆ,’ ಅಂತ ವಿವರಿಸಿದೆ.

‘ಕಂಬದ ಕೆಳಗೆ ಏನಿರ್ತದೆ?’

‘ಕೆಳಗೆ ಆಳವಾದ ಗುಂಡಿ ತೋಡಿರುತ್ತಾರೆ ಪುಟ್ಟಿ.’

ಅವಳು ಚಿತ್ರವನ್ನು ನೋಡುತ್ತ ನಿಂತಳು. ಆಮೇಲೆ ತಮ್ಮನನ್ನು ಸೊಂಟದಿಂದ ಇಳಿಸಿ, ಅವನ ಕೈ ಹಿಡಿದು, ಓಡಿಹೋದಳು. ನಾನು ಕೊಟ್ಟಿದ್ದ ಬೆಲ್ಲದ ಚೂರನ್ನು ಜಗಲಿಯ ಮೇಲೇ ಬಿಟ್ಟಿದ್ದಳು.

ಮರುದಿನ ಕೂಸಿನ ಮನೆಯಲ್ಲಿ ಒಂದೂ ಕೆಂಪು ನೂಲಿನ ಮಗು ಇರಲಿಲ್ಲ. ಲೈನಿನ ಕಡೆ ಹೋದರೆ ಬಾಗಿಲುಗಳು ಮುಚ್ಚಿದ್ದವು. ಒಳಗೆ ಮಕ್ಕಳ ಉಸಿರು ಕೇಳುತ್ತಿತ್ತು. ನಾನು ಕರೆದೊಡನೆ ಅದೂ ನಿಂತಿತು. ಒಬ್ಬ ಅಜ್ಜಿ ನನ್ನನ್ನು ಕಂಡು ನೆಲಕ್ಕೆ ಉಗುಳಿ ಕಾಲಿನಿಂದ ಒರೆಸಿದಳು. ವಾಪಸು ಬರುವಾಗ ನನ್ನ ಬೆನ್ನ ಹಿಂದೆ ಯಾರೋ ಇದ್ದಾರೆ ಅನಿಸಿ ಮೂರು ಸಲ ತಿರುಗಿ ನೋಡಿದೆ.

ಆಯಾಳನ್ನು ಹಿಡಿದು ಕೂರಿಸಿ ಕೇಳಿದೆ. ಅವಳು ಸೆರಗಿನ ತುದಿ ಹೊಸೆಯುತ್ತಾ ಕೂತಳು.

‘ಹೆಂಗೆ ಹೇಳ್ಲಿ ಕಣವ್ವ. ಮಾರನಹಳ್ಳಿ ಕೆಳಗೆ ಘಾಟಿಲಿ ರೈಲು ದಾರಿಗೆ ಅಳತೆ ಹಾಕ್ತಾವ್ರಲ್ಲ. ಬಾವುಟ ನೆಟ್ಟವ್ರೆ. ಅಲ್ಲಿ ಸೇತುವೆ ಕಂಬ ನಿಲ್ಲಾಕಿಲ್ವಂತೆ. ಕಂಬದ ಬುಡಕ್ಕೆ ಮಗು ಬೇಕಂತೆ. ಅದೂ ಚೊಚ್ಚಲು ಮಗೂನೇ ಆಗ್ಬೇಕಂತೆ.’

‘ಅದಕ್ಕೂ ನನಗೂ ಏನು ಸಂಬಂಧ?’

ಅವಳು ತಲೆ ಎತ್ತಿದಳು. ‘ನೀವು ಬಂದೇಟ್ಗೆ ಏನ್ ಕೇಳಿದ್ರಿ? ಚೊಚ್ಚಲು ಯಾವ್ದು ಅಂದ್ರಿ. ಮೊಕ ತೊಳಿಸಿದ್ರಿ. ಬೆಲ್ಲ ತಿನ್ನಿಸಿದ್ರಿ. ಕೆಂಪು ನೂಲು ಕಟ್ಟಿದ್ರಿ. ಮಾರಮ್ಮಂಗೆ ಬಿಟ್ಟ ಮರೀಗೂ ನಾವು ಹಂಗೇ ಮಾಡದು ಕಣವ್ವ.’

ಮೈಸೂರಿನಲ್ಲಿ ಕೂತು ಪ್ರೊಫೆಸರೂ ನಾನೂ ಸೇರಿ ಹಾಕಿದ ಕ್ರಮದ ಒಂದೊಂದು ಹೆಜ್ಜೆಯೂ ಬಲಿಯ ಕ್ರಮವಾಗಿತ್ತು. ಒಂದನ್ನೂ ನಾವು ಬಿಟ್ಟಿರಲಿಲ್ಲ. ಇಷ್ಟೂ ಸಾಲದು ಅಂತ ನಿನ್ನೆ ನಾನೇ ಕಂಬದ ಚಿತ್ರವನ್ನೂ ಬರೆದುಕೊಟ್ಟಿದ್ದೆ.

‘ಹಾಗಾದರೆ ನೂಲನ್ನು ಕಿತ್ತು ಬಿಸಾಕಬಾರದಿತ್ತೇ? ಚಿಂದಿ ಯಾಕೆ ಸುತ್ತಿದರು?’

‘ಕಟ್ಟಿದ ನೂಲ ಬೇರೆಯೋರು ಕಿತ್ರೆ ಆ ಗಳಿಗೇಲೇ ಆಪತ್ತು ಅಂತಾರೆ. ಕಟ್ಟಿದೋರೇ ಬಿಚ್ಚಬೇಕು. ನಿಮ್ಮ ಹತ್ರ ಬಂದು ಬಿಚ್ಚಿ ಅನ್ನಕೆ ಯಾರ್ಗೆ ಎದೆ ಐತೆ?’

ಅವಳು ಮಾತು ಮುಗಿಸುವಷ್ಟರಲ್ಲಿ ತೋಟದ ಕಡೆಯಿಂದ ಒಂದು ಕೂಗು ಎದ್ದಿತು. ಹೆಂಗಸಿನ ಕೂಗು. ಅದರ ಹಿಂದೆಯೇ ಇನ್ನೂ ಹಲವು ಕೂಗುಗಳು ಸೇರಿಕೊಂಡವು. ಮುಂದಿನ ಹಲ್ಲಿಲ್ಲದ ಆ ಹುಡುಗಿ ಕಾಣೆಯಾಗಿದ್ದಳು.

ಆಯಾಳ ಜೊತೆ ನಾನು ಓಡಿಬರುವಷ್ಟರಲ್ಲಿ ಕಾಫಿ ಚೀಲ ಇಡುವ ಸ್ಟೋರಿನ ಮುಂದಿನ ಅಂಗಳಕ್ಕೆ ಜನ ಇಳಿದು ಬಂದಿದ್ದರು. ಹೆಂಗಸರ ಸೊಂಟದ ಚೀಲಗಳಲ್ಲಿ ಹಣ್ಣು ಹಾಗೇ ಇತ್ತು. ಗಂಡಸರ ಕೈಯಲ್ಲಿ ಮರ ಸವರುವ ಕತ್ತಿಗಳು. ಎಲ್ಲರ ಮುಂದೆ ಹುಡುಗಿಯ ತಾಯಿ. ಅವಳು ನನ್ನ ಕಡೆ ಕೈ ನೀಡಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ನನಗೆ ಗೊತ್ತಿದ್ದ ತಮಿಳು ಕಾರ್ಡಿನ ಮೇಲಿದ್ದ ವಸ್ತುಗಳ ಹೆಸರು. ಕೊಡ, ಬಾವಿ, ಆಡು, ಛತ್ರಿ. ‘ನಾನಲ್ಲ’ ಅನ್ನಲು ಬರುತ್ತಿರಲಿಲ್ಲ, ‘ಹೆದರಬೇಡ’ ಅನ್ನಲು ಬರುತ್ತಿರಲಿಲ್ಲ. ಗುಂಪಿನಲ್ಲಿ ಒಬ್ಬಿಬ್ಬರಿಗೆ ಕನ್ನಡ ಬರುತ್ತಿತ್ತು, ಆದರೆ ನನ್ನ ಮಾತನ್ನು ತಮ್ಮ ಬಾಯಲ್ಲಿ ಹಾಕಿಕೊಳ್ಳಲು ಅವರು ಒಪ್ಪಲಿಲ್ಲ. ತಾಯಿಗೂ ನನಗೂ ನಡುವೆ ನಿಂತು ಮಾತು ದಾಟಿಸಬಹುದಾಗಿದ್ದವಳು ಒಬ್ಬಳೇ, ಅವಳೇ ಇರಲಿಲ್ಲ.

ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಸಕಲೇಶಪುರದ ಸಾಬರೊಬ್ಬರದು, ಸ್ಟೋರಿನಿಂದ ಕಾಫಿ ಚೀಲ ತುಂಬಿ ಟಾರ್ಪಾಲು ಬಿಗಿದು ಹೊರಡಲು ಸಿದ್ಧವಾಗಿತ್ತು. ರೈಟರು ನನ್ನ ತೋಳು ಹಿಡಿದು ಅದರ ಕಡೆ ಎಳೆದರು.

‘ಹತ್ತಿ ಅಮ್ಮ, ಈಗ್ಲೇ ಹತ್ತಿ. ಸಾಹುಕಾರ್ರು ಊರಾಗಿಲ್ಲ. ನಾನೊಬ್ಬ ಏನಂತ ತಡೀಲಿ? ಕತ್ತಿ ಬೀಸ್ಬುಟ್ರೆ ಆಮೇಲೆ ಯಾರನ್ನ ಕೇಳದು?’

ಲಾರಿಯ ಯಜಮಾನರೇ ಡ್ರೈವರು. ಎಂಜಿನ್ ಶುರು ಮಾಡಿ, ಬಾಗಿಲು ತೆಗೆದು ಹಿಡಿದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ಆಯಾ ಬಂದು ನನ್ನ ಸೀರೆ ಹಿಡಿದಳು.

‘ನೀವು ಹೋಗ್ಬುಟ್ರೆ ಹೌದು ಅಂತಾಯ್ತದೆ ಕಣವ್ವ. ನಿಮ್ಮ ಕೈಗೆ ಮಕ್ಕಳ ಕೊಟ್ಟೋಳು ನಾನು. ನನ್ನ ಉಳಿಸಾರಾ?’

ನಾನು ಇಳಿದೆ. ಇದನ್ನು ಧೈರ್ಯ ಅಂತ ಯಾರೂ ತಿಳಿಯಬಾರದು. ಆದರೆ ಒಂದು ವಿಷಯ ಆ ಗಲಾಟೆಯಲ್ಲೂ ಸ್ಪಷ್ಟವಾಗಿತ್ತು. ನಾನು ಹೋದರೆ ಮಗು ನನ್ನ ಜೊತೆ ಹೋಯಿತು ಅಂತಲೇ ತೀರ್ಮಾನ. ಎಲ್ಲರೂ ಲಾರಿಯ ಹಿಂದೆ ಓಡುತ್ತಾರೆ. ತೋಟದಲ್ಲಿ, ಹಳ್ಳದಲ್ಲಿ, ಕೆರೆಯಲ್ಲಿ ಹುಡುಕುವವರು ಒಬ್ಬರೂ ಇರುವುದಿಲ್ಲ. ಆ ಹುಡುಗಿ ಎಲ್ಲೋ ಬಿದ್ದಿದ್ದರೆ ಬಿದ್ದೇ ಇರುತ್ತಾಳೆ. ನಾನು ಇಲ್ಲೇ ಕಣ್ಣೆದುರಿಗೆ ಇದ್ದರೆ ಅವರು ಬೇರೆ ಕಡೆ ಹುಡುಕಬೇಕಾಗುತ್ತದೆ.

‘ನೀವು ಹೊರಡಿ ಸಾಬರೇ,’ ಅಂದೆ. ಅವರು ನನ್ನನ್ನು ಒಂದು ಸಲ ನೋಡಿ, ತಲೆಯಾಡಿಸಿ, ಲಾರಿ ಬಿಟ್ಟರು. ಧೂಳು ಇಳಿಯುವ ತನಕ ನಾನು ಅದನ್ನೇ ನೋಡುತ್ತಿದ್ದೆ.

ಆಮೇಲೆ ನಡೆದುಹೋಗಿ ಹುಡುಗಿಯ ಮನೆಯ ಹೊಸ್ತಿಲ ಮುಂದೆ ಕೂತೆ. ಏಕೆ ಕೂತೆ ಎಂಬುದನ್ನು ರೈಟರು ತಮಗೆ ತಿಳಿದಷ್ಟು ಸನ್ನೆಯಲ್ಲಿ ಜನಕ್ಕೆ ಹೇಳಿದರು: ಮಗು ಸಿಗುವ ತನಕ ಈಕೆ ಇಲ್ಲಿಂದ ಏಳುವುದಿಲ್ಲ, ಹೋಗಿ ಹುಡುಕಿ. ಗಂಡಸರು ಗುಂಪು ಒಡೆದು ಹೊರಟರು. ಕೆಲವರು ಕೆರೆಗೆ, ಕೆಲವರು ಬಿದಿರು ಮೆಳೆಗೆ. ತಾಯಿ ಹೋಗಲಿಲ್ಲ. ನನ್ನ ಎದುರಿಗೆ ಕೂತಳು. ತೊಡೆಯ ಮೇಲೆ ಕತ್ತಿ, ಪಕ್ಕದಲ್ಲಿ ಚಿಕ್ಕ ಮಗ. ಅವನ ಕೈಯಲ್ಲಿ ನನ್ನ ಬಿಳಿ ನೂಲು.

ಅಂಥ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ಕೆರೆಯ ಕಡೆಯಿಂದ ಕೂಗು ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ಏಳುತ್ತಿದ್ದೆವು, ಏನೂ ಇಲ್ಲ ಅಂತ ತಿಳಿದಾಗ ಒಟ್ಟಿಗೇ ಕೂರುತ್ತಿದ್ದೆವು. ಅವಳು ಆಗಾಗ ಆ ಒಂದೇ ಮಾತು ಹೇಳುತ್ತಿದ್ದಳು. ಒಮ್ಮೆ ನೀರು ಕೇಳೋಣ ಅನಿಸಿತು. ‘ಕೊಡ’ಕ್ಕೆ ಹೆಸರು ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಂದ ತಮಿಳು ಹೊರಟರೆ ಅವಳು ಇನ್ನೇನು ತಿಳಿಯುತ್ತಾಳೋ ಅಂತ ಹೆದರಿ ಸುಮ್ಮನಾದೆ.

ಅಲ್ಲಿ ಕೂತಿದ್ದಾಗಲೇ ಇನ್ನೊಂದು ವಿಷಯ ನನ್ನ ತಲೆಗೆ ಬಂತು. ಸೇತುವೆಯ ಸುದ್ದಿ ಆಡಿಕೊಂಡವರು ಸುತ್ತಲ ಹಳ್ಳಿಗಳಿಂದ ಬರುವ ಕನ್ನಡದ ಆಳುಗಳು. ತಮಿಳು ಲೈನಿಗೆ ಅದನ್ನು ತಂದವರು ಯಾರು? ತೂಕದ ಕಟ್ಟೆಯ ಬಳಿ ನಿಂತು ಎರಡೂ ಕಡೆಯ ಮಾತನ್ನು ಕೇಳಿಸಿಕೊಳ್ಳುತ್ತಿದ್ದವಳು ಆ ಹುಡುಗಿ. ತನ್ನನ್ನು ಕಂಬದ ಕೆಳಗೆ ಹೂಳುತ್ತಾರಂತೆ ಎಂಬ ಮಾತನ್ನು ತಾನೇ ಕೇಳಿ, ತಾನೇ ತಾಯಿಗೆ ತಮಿಳಿನಲ್ಲಿ ಹೇಳಿದ್ದಳು. ಒಂದು ಪದ ಮಾತ್ರ ಅರ್ಥವಾಗಿರಲಿಲ್ಲ. ಅದನ್ನು ಕೇಳಲು ನನ್ನ ಹತ್ತಿರ ಬಂದಿದ್ದಳು. ನನಗೆ ಅಳು ಬಂತು. ಎದುರಿಗೆ ಕೂತ ತಾಯಿ ನಾನು ಅಳುವುದನ್ನು ನೋಡಿ, ಮಗು ಸತ್ತೇಹೋಗಿದೆ ಅಂದುಕೊಂಡು ಎದೆ ಬಡಿದುಕೊಂಡಳು. ನಾನು ಬೇಡ ಬೇಡ ಅಂತ ಎರಡೂ ಕೈ ಆಡಿಸಿದೆ. ಅವಳು ಕತ್ತಿಯ ಹಿಡಿಯನ್ನು ಬಿಗಿಯಾಗಿ ಹಿಡಿದಳು.

ಹೊತ್ತು ಇಳಿಯಿತು. ಹುಡುಕಲು ಹೋದವರು ಒಬ್ಬೊಬ್ಬರಾಗಿ ಬರಿಗೈಯಲ್ಲಿ ಬಂದರು. ಬಂದವರು ಮನೆಗೆ ಹೋಗಲಿಲ್ಲ, ನನ್ನ ಸುತ್ತ ನಿಂತರು. ರೈಟರು ನನ್ನ ಪಕ್ಕದಲ್ಲೇ ನಿಂತಿದ್ದರು, ಆದರೆ ಅವರ ತುಟಿ ಶಿವಶಿವಾ ಅನ್ನುತ್ತಿದ್ದುದು ನನಗೆ ಕಾಣುತ್ತಿತ್ತು. ಇನ್ನು ಬೆಳಕು ಹೋದರೆ ನನ್ನ ಕಥೆ ಮುಗಿಯಿತು ಅಂತ ನಾನು ನಿಜವಾಗಿಯೂ ನಂಬಿದ್ದೆ.

ಆಗ ತಿರುವಿನಲ್ಲಿ ಲಾರಿಯ ಹಾರನ್ ಕೇಳಿತು.

ಸಾಬರು ಲೈನಿನ ತನಕ ಲಾರಿ ತಂದರು. ಇಳಿದು, ಆ ಕಡೆಯ ಬಾಗಿಲು ತೆಗೆದು, ಹುಡುಗಿಯನ್ನು ಎತ್ತಿ ಇಳಿಸಿದರು. ಅವಳ ತಲೆಗೆ ಯಾರೋ ಎಣ್ಣೆ ಹಚ್ಚಿ ಬಾಚಿದ್ದರು. ಕೈಯಲ್ಲಿ ಅರ್ಧ ತಿಂದ ಬನ್ನು.

‘ಚೀಲದ ಸಂದೀಲಿ ಕೂತಿತ್ತು ಮಾರಾಯ್ರೆ. ಟಾರ್ಪಾಲ್ ಬಿಚ್ಚಿದ್ರೆ ಎರಡು ಕಣ್ಣು! ನನ್ನ ಜೀವಾನೇ ಹೋಗಿತ್ತು. ಮನೇಗೆ ಕರ್ಕೊಂಡು ಹೋಗಿ ಟೀ ಕುಡಿಸಿ ಎಷ್ಟು ಕೇಳಿದ್ರೂ ಒಂದು ಮಾತಿಲ್ಲ. ಕನ್ನಡದಲ್ಲಿ ಕೇಳ್ದೆ, ಬರೋ ಅಷ್ಟು ತಮಿಳಲ್ಲಿ ಕೇಳ್ದೆ. ಮೂಗಿ ಅಂದ್ಕಂಡೆ. ಲೋಡಾಗಿದ್ದು ಇಲ್ಲೇ ಅಲ್ವಾ, ಇಲ್ಲಿದೇ ಇರಬೇಕು ಅಂತ ತಂದೆ.’

ಎಸ್ಟೇಟಿನಿಂದ ತಪ್ಪಿಸಿಕೊಳ್ಳಲು ಇದ್ದದ್ದು ಅದೊಂದೇ ದಾರಿ. ಹೆದರಿದ ಇಬ್ಬರಿಗೂ ಹೊಳೆದದ್ದು ಅದೇ ಲಾರಿ. ನಾನು ಮುಂದೆ ಹತ್ತಿ ಕೂತಿದ್ದರೆ, ನನ್ನ ಬೆನ್ನ ಹಿಂದೆ, ಚೀಲಗಳ ನಡುವೆ, ಕೆಂಪು ನೂಲಿನ ಆ ಹುಡುಗಿ ಇರುತ್ತಿದ್ದಳು. ಆಮೇಲೆ ಯಾವ ಭಾಷೆಯಲ್ಲಿ ಏನು ಹೇಳಿದರೂ ಯಾರು ನಂಬುತ್ತಿದ್ದರು?

ತಾಯಿ ಮಗಳಿಗೆ ಎರಡು ಬಾರಿಸಿದಳು. ಆಮೇಲೆ ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಜನ ಸುತ್ತ ನಿಂತೇ ಇದ್ದರು. ಕತ್ತಿಗಳು ಇನ್ನೂ ಕೈಯಲ್ಲೇ ಇದ್ದವು. ಸ್ವಲ್ಪ ಹೊತ್ತಾದ ಮೇಲೆ ತಾಯಿ ಮಗಳನ್ನು ತನ್ನಿಂದ ಬಿಡಿಸಿ, ನನ್ನ ಕಡೆ ತಿರುಗಿಸಿ ನಿಲ್ಲಿಸಿ, ಇಡೀ ಮಧ್ಯಾಹ್ನ ಹೇಳುತ್ತಿದ್ದ ಆ ಮಾತನ್ನು ಮತ್ತೊಮ್ಮೆ ಹೇಳಿದಳು.

ಹುಡುಗಿ ಕತ್ತೆತ್ತಿ ನನ್ನನ್ನು ನೋಡಿದಳು.

‘ಅಮ್ಮ ಕೇಳ್ತಾಳೆ, ನನ್ನ ಮಗಳನ್ನ ತಕಂಡೋಗಕ್ಕೆ ಬಂದಿದ್ದೀಯಾ ಅಂತ.’

‘ಇಲ್ಲ,’ ಅಂದೆ.

ಹುಡುಗಿ ತಕ್ಷಣ ತಿರುಗಲಿಲ್ಲ. ನನ್ನ ಮುಖವನ್ನು ನೋಡುತ್ತ ನಿಂತಳು. ನನ್ನ ಜೀವ ಆಗ ಆ ಪುಟ್ಟ ಬಾಯಲ್ಲಿತ್ತು. ಆಮೇಲೆ ತಾಯಿಯ ಕಡೆ ತಿರುಗಿ ಮಾತಾಡತೊಡಗಿದಳು. ನಾನು ಹೇಳಿದ್ದು ಒಂದೇ ಪದ. ಅವಳು ಹೇಳುತ್ತಾ ಹೋದಳು, ಕೈ ಆಡಿಸಿ, ನನ್ನನ್ನು ತೋರಿಸಿ, ಕೂಸಿನ ಮನೆಯನ್ನು ತೋರಿಸಿ, ಒಂದು ಸಲ ತನ್ನ ಬಾಯಲ್ಲಿ ಹಲ್ಲು ಬಿದ್ದ ಜಾಗವನ್ನೂ ತೋರಿಸಿ. ಏನು ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ತಾಯಿ ಕತ್ತಿಯನ್ನು ನೆಲಕ್ಕಿಟ್ಟು ಒಂದು ಮಾತು ಹೇಳಿದಳು.

‘ಹಂಗಾದ್ರೆ ಬಿಚ್ಚು ಅಂತಾಳೆ ಅಮ್ಮ. ಕಟ್ಟಿದೋರೇ ಬಿಚ್ಚಬೇಕಂತೆ.’

ಅವಳು ಕೈ ಮುಂದೆ ಹಿಡಿದಳು. ನಾನು ಮಂಡಿಯೂರಿ ಕೂತು ಚಿಂದಿ ಬಿಡಿಸಿದೆ. ಬಾಡಿದ ಬೇವಿನ ಎಲೆ ಉದುರಿತು. ನೂಲು ಬೆವರಿಗೆ ನೆನೆದು ಗಂಟು ಬಿಗಿದುಕೊಂಡಿತ್ತು. ನನ್ನ ಬೆರಳುಗಳು ನಡುಗುತ್ತಿದ್ದವು, ಎಷ್ಟು ಪ್ರಯತ್ನಪಟ್ಟರೂ ಉಗುರು ಗಂಟಿನೊಳಗೆ ಹೋಗಲೊಲ್ಲದು. ಕೊನೆಗೆ ಹೇಗೋ ಬಿಚ್ಚಿತು. ಆಯಾ ಆ ನೂಲನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕಿದಳು.

ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆದವು. ತಾಯಂದಿರು ಮಕ್ಕಳನ್ನು ಮುಂದೆ ತಳ್ಳಿ ತಾವು ದೂರ ನಿಂತರು. ನನ್ನ ಕಡೆ ಬರಲು ಒಂದು ಮಗುವೂ ಕಾಲೆತ್ತಲಿಲ್ಲ. ಹುಡುಗಿ ತಾನೇ ಹೋಗಿ ಒಬ್ಬೊಬ್ಬರನ್ನು ಕೈ ಹಿಡಿದು ತಂದಳು, ಅವರ ಕಿವಿಯ ಹತ್ತಿರ ತಮಿಳಿನಲ್ಲಿ ಏನೋ ಹೇಳಿ ಮಣಿಕಟ್ಟನ್ನು ನನ್ನ ಮುಂದೆ ಚಾಚಿಸಿದಳು. ನಂತರ ನನ್ನ ಪಕ್ಕಕ್ಕೆ ಬಂದು ಕೂತು, ನಡುಗುತ್ತಿದ್ದ ನನ್ನ ಕೈಯ ಮೇಲೆ ತನ್ನ ಬನ್ನಿನ ಅಂಟು ಕೈ ಇಟ್ಟು, ಕನ್ನಡದಲ್ಲಿ ಹೇಳಿದಳು:

‘ಹೆದರ್ಬ್ಯಾಡಿ ಅಕ್ಕೋರೇ. ಮೆಲ್ಲಕೆ ಬಿಚ್ಚಿ.’